ಇಡಿಟಿ, ಇಡಿಪಿ, ಪರ್ಫಂ: ಬಾಟಲಿಯ ಮೇಲಿನ ಹೆಸರು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಒಂದೇ ಹೆಸರಿನ ಸೆಂಟು, ಒಂದೇ ಆಕಾರದ ಬಾಟಲಿ. ಒಂದರ ಮೇಲೆ ‘ಓ ದ ತ್ವಾಲೆಟ್’ ಎಂದಿದೆ, ಪಕ್ಕದ್ದರ ಮೇಲೆ ‘ಓ ದ ಪರ್ಫಂ’, ಮೂರನೆಯದರ ಮೇಲೆ ಬರೀ ‘ಪರ್ಫಂ’. ಬೆಲೆ ಒಂದಕ್ಕಿಂತ ಒಂದು ಜಾಸ್ತಿ. ಸುಗಂಧದ ಗೀಳು ಹೊಸದಾಗಿ ಹತ್ತಿದವರು ಇಲ್ಲಿ ಹಾಕುವ ಲೆಕ್ಕ ಸಾಮಾನ್ಯವಾಗಿ ಒಂದೇ: ದುಬಾರಿಯದು ಸ್ಟ್ರಾಂಗ್, ಸ್ಟ್ರಾಂಗ್ ಇದ್ದದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ಆದ್ದರಿಂದ ಅದೇ ಒಳ್ಳೆಯದು. ಈ ಮೂರರಲ್ಲಿ ಮೊದಲನೆಯದು ಬಹುಪಾಲು ನಿಜ. ಎರಡನೆಯದು ಕೆಲವೊಮ್ಮೆ ನಿಜ. ಮೂರನೆಯದನ್ನು ನಿಮ್ಮ ಮೂಗೇ ತೀರ್ಮಾನಿಸಬೇಕು, ಬಾಟಲಿಯಲ್ಲ.

ಬಾಟಲಿಯೊಳಗೆ ಏನಿದೆ

ಸ್ಪ್ರೇ ಬಾಟಲಿಯಲ್ಲಿ ಮುಖ್ಯವಾಗಿ ಇರುವುದು ಮೂರು: ಸುಗಂಧ ಸಾರ, ಆಲ್ಕೋಹಾಲ್, ಸ್ವಲ್ಪ ನೀರು. ಘಮ ಇರುವುದೆಲ್ಲ ಸಾರದಲ್ಲಿ. ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ನೈಸರ್ಗಿಕ ತೈಲಗಳು ಮತ್ತು ಪ್ರಯೋಗಾಲಯದಲ್ಲಿ ತಯಾರಾದ ಪರಿಮಳ ವಸ್ತುಗಳು ಸೇರಿದ ಗಟ್ಟಿ ಮಿಶ್ರಣ ಅದು. ಆಲ್ಕೋಹಾಲ್ ಅದನ್ನು ಕರಗಿಸಿ ಹಿಡಿಯುತ್ತದೆ, ಮೈಮೇಲೆ ಬಿದ್ದ ಕೂಡಲೇ ಆರಿ ಹೋಗುತ್ತದೆ, ಹೋಗುವಾಗ ಘಮವನ್ನು ಎತ್ತಿ ಗಾಳಿಗೆ ಹಾಕುತ್ತದೆ. ‘ಸ್ಟ್ರೆಂತ್’ ಅಂದರೆ ಇಷ್ಟೇ: ನೂರು ಪಾಲು ದ್ರವದಲ್ಲಿ ಸಾರ ಎಷ್ಟು ಪಾಲು.

ರೂಢಿಯಲ್ಲಿರುವ ಅಂದಾಜು ಹೀಗಿದೆ.

ಓ ಫ್ರೆಶ್: ಶೇ. 1ರಿಂದ 3
ಓ ದ ಕೊಲೋನ್ (ಇಡಿಸಿ): ಶೇ. 2ರಿಂದ 5
ಓ ದ ತ್ವಾಲೆಟ್ (ಇಡಿಟಿ): ಶೇ. 5ರಿಂದ 15
ಓ ದ ಪರ್ಫಂ (ಇಡಿಪಿ): ಶೇ. 15ರಿಂದ 20
ಪರ್ಫಂ ಅಥವಾ ಎಕ್ಸ್‌ಟ್ರೆ: ಶೇ. 20ರಿಂದ 30, ಕೆಲವು ಇನ್ನೂ ಹೆಚ್ಚು

‘ರೂಢಿ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಷ್ಟು ಶೇಕಡಾ ಇದ್ದರೆ ಮಾತ್ರ ಇಡಿಪಿ ಎನ್ನಬೇಕು ಎಂಬ ಜಾಗತಿಕ ಕಾನೂನು ಯಾವುದೂ ಇಲ್ಲ. ಒಂದು ಕಂಪನಿಯ ಇಡಿಟಿ ಇನ್ನೊಂದು ಕಂಪನಿಯ ಇಡಿಪಿಯಷ್ಟೇ ಗಟ್ಟಿಯಾಗಿದ್ದರೆ ಅದು ಮೋಸವೂ ಅಲ್ಲ, ಪವಾಡವೂ ಅಲ್ಲ. ‘ಇಂಟೆನ್ಸ್’, ‘ಎಲಿಕ್ಸಿರ್’, ‘ಆಬ್ಸೊಲು’ ಎಂಬ ಬಾಲಗಳಿಗಂತೂ ರೂಢಿಯ ಅಳತೆ ಕೂಡ ಇಲ್ಲ. ಅವು ಕಂಪನಿ ಇಟ್ಟುಕೊಂಡ ಹೆಸರುಗಳು.

‘ಕೊಲೋನ್’ ಎಂಬ ಪದದ್ದು ಬೇರೆಯೇ ಗೊಂದಲ. ಜರ್ಮನಿಯ ಕಲೋನ್ ನಗರದಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ಸುಗಂಧದಿಂದ ಈ ಹೆಸರು ಹಬ್ಬಿತು. ನಿಂಬೆ, ಕಿತ್ತಳೆ, ಬರ್ಗಮಟ್ ಜಾತಿಯ ಹಣ್ಣುಗಳ ಸಿಪ್ಪೆಯ ತೈಲ, ಜೊತೆಗೆ ಸೊಪ್ಪು-ಹೂಗಳ ಹಸಿ ಕಂಪು, ಇದು ಆ ಶೈಲಿಯ ಗುರುತು. ಹಾಗಾಗಿ ಕೊಲೋನ್ ಎಂದರೆ ಒಂದು ಬಗೆಯ ಪರಿಮಳವೂ ಹೌದು, ಒಂದು ತೆಳುವಾದ ಪ್ರಮಾಣವೂ ಹೌದು. ಅಮೆರಿಕದವರ ಮಾತಿನಲ್ಲಿ ಅದು ಗಂಡಸರು ಹಾಕುವ ಯಾವುದೇ ಸೆಂಟು. ಜೋ ಮಲೋನ್ ಲಂಡನ್ ತನ್ನ ಮುಖ್ಯ ಸಾಲಿನ ಸುಗಂಧಗಳನ್ನೆಲ್ಲ ಕೊಲೋನ್ ಎಂದೇ ಕರೆಯುತ್ತದೆ. ಪದ ಎಲ್ಲಿ, ಯಾರ ಬಾಯಲ್ಲಿ ಬಂತು ಎಂದು ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

ಇಲ್ಲಿ ತಪ್ಪುವುದು ಸುಲಭ: ‘80% ವಾಲ್ಯೂಮ್’

ಬಾಟಲಿಯ ತಳದಲ್ಲೋ ಡಬ್ಬಿಯ ಹಿಂಬದಿಯಲ್ಲೋ ‘80% ವಾಲ್ಯೂಮ್’ ಎಂಬಂಥ ಅಂಕಿ ಕಾಣುತ್ತದೆ. ಹೊಸಬರು ಇದನ್ನು ಸುಗಂಧದ ಪ್ರಮಾಣ ಎಂದುಕೊಂಡು, 90% ಎಂದಿರುವುದು 80%ಗಿಂತ ಗಟ್ಟಿ ಎಂದು ಆರಿಸುವುದುಂಟು. ಅದು ಆಲ್ಕೋಹಾಲಿನ ಪ್ರಮಾಣ. ಸಾರದ ಶೇಕಡಾವಾರು ಬಹುತೇಕ ಯಾವ ಬಾಟಲಿಯ ಮೇಲೂ ಅಚ್ಚಾಗಿರುವುದಿಲ್ಲ. ಆಲ್ಕೋಹಾಲಿನ ಅಂಕಿಯಿಂದ ಸಾರವನ್ನು ಕಳೆದು ತೆಗೆಯಲೂ ಆಗದು, ಏಕೆಂದರೆ ಉಳಿದ ಭಾಗದಲ್ಲಿ ನೀರೆಷ್ಟು ಎಂಬುದು ಗೊತ್ತಿಲ್ಲ.

ಅಂದಹಾಗೆ, ಗಟ್ಟಿ ಎನಿಸಿದ ಸೆಂಟನ್ನು ಮನೆಯಲ್ಲೇ ನೀರು ಬೆರೆಸಿ ತೆಳು ಮಾಡಲು ಹೋಗಬೇಡಿ. ಸಾರ ಕರಗುವುದು ಆಲ್ಕೋಹಾಲಿನಲ್ಲಿ, ನೀರಿನಲ್ಲಲ್ಲ. ನೀರು ಒಂದು ಮಿತಿ ದಾಟಿದೊಡನೆ ದ್ರವ ಹಾಲಿನಂತೆ ಕದಡುತ್ತದೆ, ಎಣ್ಣೆ ಹನಿಯಾಗಿ ಬೇರ್ಪಡುತ್ತದೆ, ಸ್ಪ್ರೇ ತೂತು ಕಟ್ಟಿಕೊಳ್ಳುತ್ತದೆ. ತೆಳು ಬೇಕಿದ್ದರೆ ಒಂದು ಸ್ಪ್ರೇ ಕಡಿಮೆ ಹೊಡೆಯಿರಿ, ಅಷ್ಟೇ.

ಒಂದೇ ಹೆಸರು, ಬೇರೆ ಬೇರೆ ಪರಿಮಳ

ಇಡಿಪಿ ಎಂದರೆ ಅದೇ ಇಡಿಟಿಗೆ ಇನ್ನಷ್ಟು ಸಾರ ಸುರಿದದ್ದು ಎಂಬ ಕಲ್ಪನೆ ಬಹಳ ಗಟ್ಟಿಯಾಗಿ ಬೇರೂರಿದೆ. ಹಾಗೆ ಆಗುವುದೂ ಉಂಟು. ಆದರೆ ಹೆಸರಾಂತ ಸುಗಂಧಗಳಲ್ಲಿ ಹಲವಕ್ಕೆ ಪ್ರತಿ ರೂಪಕ್ಕೂ ಸೂತ್ರವನ್ನೇ ಬದಲಿಸಿರುತ್ತಾರೆ. ಶಾನೆಲ್ ನಂ. 5 ಬಂದದ್ದು 1921ರಲ್ಲಿ; ಇಂದು ಅಂಗಡಿಗಳಲ್ಲಿ ಸಿಗುವ ಅದರ ಇಡಿಪಿ ರೂಪ ಬಂದದ್ದು 1986ರಲ್ಲಿ. ನಡುವೆ ಆರು ದಶಕ ಕಳೆದಿವೆ, ಹೊಸ ಕಾಲದ ರುಚಿಗೆ ತಕ್ಕಂತೆ ಕಟ್ಟಿದ ಪರಿಮಳ ಅದು. ಡಿಯೋರ್ ಸೊವಾಜ್ ನೋಡಿ: 2015ರಲ್ಲಿ ಇಡಿಟಿ, 2018ರಲ್ಲಿ ಇಡಿಪಿ, 2019ರಲ್ಲಿ ಪರ್ಫಂ, 2021ರಲ್ಲಿ ಎಲಿಕ್ಸಿರ್. ಇಡಿಟಿಯ ಚುರುಕು ಇಷ್ಟಪಟ್ಟವರಿಗೆ ಎಲಿಕ್ಸಿರ್‌ನ ಮಸಾಲೆ ಭಾರ ಎನಿಸಬಹುದು. ಹೆಸರು ಒಂದೇ ಇದ್ದ ಅಣ್ಣತಮ್ಮಂದಿರು ಅಂದುಕೊಳ್ಳಿ. ಹೋಲಿಕೆ ಇರುತ್ತದೆ, ಸ್ವಭಾವ ಬೇರೆ.

ಸೂತ್ರ ಬದಲಿಸುವುದಕ್ಕೆ ಕಾರಣವಿದೆ. ಪ್ರಮಾಣ ಏರಿದರೆ ವಾಸನೆ ಬರೀ ದೊಡ್ಡದಾಗುವುದಿಲ್ಲ, ಅದರ ಗುಣವೇ ತಿರುಗಬಹುದು. ಮಲ್ಲಿಗೆಯಲ್ಲಿ ಸಹಜವಾಗಿಯೇ ಇರುವ ಇಂಡೋಲ್ ಎಂಬ ವಸ್ತುವನ್ನು ತೆಗೆದುಕೊಳ್ಳಿ. ತೀರ ತೆಳುವಾಗಿದ್ದಾಗ ಅದು ಅರಳಿದ ಹೂವಿನ ಮತ್ತೇರಿಸುವ ಕಂಪು. ಗಟ್ಟಿಯಾಗಿದ್ದರೆ ಬಟ್ಟೆ ಕಪಾಟಿನ ನುಸಿಗುಳಿಗೆಯ ನಾತ, ಇನ್ನೂ ಮೂಗು ಹತ್ತಿರ ಒಯ್ದರೆ ಹೊಲಸಿನ ಎಳೆ. ಇಂಥ ಹತ್ತಾರು ವಸ್ತುಗಳ ಹದವನ್ನು ಒಟ್ಟಿಗೆ ಎರಡು ಪಟ್ಟು ಏರಿಸಿದರೆ ಮೊದಲಿನ ಚಿತ್ರ ಉಳಿಯುವುದಿಲ್ಲ. ಅದಕ್ಕೇ ಸುಗಂಧ ಕಟ್ಟುವವರು ಸಾಮಾನ್ಯವಾಗಿ ಇಡಿಟಿಯಲ್ಲಿ ಮೊದಲು ಹಾರುವ ತಾಜಾ ಎಳೆಗಳಿಗೆ ಒತ್ತು ಕೊಡುತ್ತಾರೆ, ಇಡಿಪಿ ಮತ್ತು ಪರ್ಫಂನಲ್ಲಿ ತಳದ, ಅಂದರೆ ಕೊನೆಯವರೆಗೆ ಉಳಿಯುವ ಎಳೆಗಳಿಗೆ.

ಬಾಳಿಕೆ ನಿಜವಾಗಿ ಎಲ್ಲಿಂದ ಬರುತ್ತದೆ

ಸಿಟ್ರಸ್ ಸಿಪ್ಪೆಯ ತೈಲದಲ್ಲಿ ತುಂಬಿರುವುದು ಲಿಮೊನೀನ್. ಅದರ ಅಣುತೂಕ 136, ಬಲು ಬೇಗ ಹಾರಿಹೋಗುತ್ತದೆ. ತೊಳೆದ ಬಟ್ಟೆಯ ಕಂಪಿನ ಗ್ಯಾಲಕ್ಸೊಲೈಡ್ ಎಂಬ ಕಸ್ತೂರಿ ವಸ್ತುವಿನ ಅಣುತೂಕ 258. ಅದು ದಿನವಿಡೀ ಕದಲದೆ ಕೂರುತ್ತದೆ. ತೂಕವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಆದರೂ ಅಂದಾಜಿಗೆ ಸಾಕು. ಸುಗಂಧ ಮೂರು ಹಂತದಲ್ಲಿ ಬಿಚ್ಚಿಕೊಳ್ಳುವುದು ಇದರಿಂದಲೇ. ಮೊದಲ ಹದಿನೈದು-ಇಪ್ಪತ್ತು ನಿಮಿಷ ಹಣ್ಣು, ಸೊಪ್ಪು, ಚುರುಕು. ಆಮೇಲೆ ಕೆಲವು ಗಂಟೆ ಹೂವು, ಮಸಾಲೆ. ಕೊನೆಯಲ್ಲಿ ಮರ, ರಾಳ, ವೆನಿಲಾ, ಕಸ್ತೂರಿ.

ಈಗ ಲೆಕ್ಕ ಹಾಕಿ. ನಿಂಬೆ-ಕಿತ್ತಳೆಯೇ ಜೀವಾಳವಾದ ಸುಗಂಧದ ಶೇ. 18ರ ಇಡಿಪಿ ಎರಡು ಮೂರು ಗಂಟೆಯಲ್ಲಿ ಮೈಗಂಟಿ ಮಲಗಬಹುದು. ಮರ ಮತ್ತು ಕಸ್ತೂರಿ ತುಂಬಿದ ಶೇ. 8ರ ಇಡಿಟಿ ಸಂಜೆಯವರೆಗೂ ಅಂಗಿಯಲ್ಲಿರಬಹುದು. ‘ಇಡಿಟಿ ನಾಲ್ಕು ಗಂಟೆ, ಇಡಿಪಿ ಎಂಟು ಗಂಟೆ’ ಎಂಬ ಪಟ್ಟಿಗಳನ್ನು ನಂಬಿ ಕೊಂಡವರು ನಿರಾಶರಾಗುವುದು ಇಲ್ಲೇ. ಒಂದೇ ಸುಗಂಧದ ಎರಡು ರೂಪಗಳನ್ನು ಹೋಲಿಸುವಾಗ ಆ ಪಟ್ಟಿಗೆ ಸ್ವಲ್ಪ ಅರ್ಥವಿದೆ. ಬೇರೆ ಬೇರೆ ಸುಗಂಧಗಳ ನಡುವೆ ಅದಕ್ಕೆ ಬೆಲೆಯಿಲ್ಲ.

ಬಾಳಿಕೆ ಬೇರೆ, ಹರಡುವಿಕೆ ಬೇರೆ. ಪರ್ಫಂ ಎಂದರೆ ಕೋಣೆಯೆಲ್ಲ ಘಮ್ಮೆನ್ನಬೇಕು ಎಂದು ನಿರೀಕ್ಷಿಸಿ, ಕೈ ಮೂಗಿಗೆ ತಂದರಷ್ಟೇ ಕಂಪು ಬರುವುದನ್ನು ಕಂಡು ‘ನಕಲಿ ಮಾಲು’ ಎಂದು ಬೈಯುವವರಿದ್ದಾರೆ. ಗಟ್ಟಿ ಪರ್ಫಂ ಸಾಮಾನ್ಯವಾಗಿ ಮೈಗೆ ಹತ್ತಿರ ಇರುತ್ತದೆ, ಸಾವಕಾಶವಾಗಿ ಬಿಡುತ್ತದೆ. ಆಲ್ಕೋಹಾಲ್ ಹೆಚ್ಚಿರುವ, ಹಗುರ ಎಳೆಗಳ ಇಡಿಟಿ ಮೊದಲ ಅರ್ಧ ಗಂಟೆ ಜೋರಾಗಿಯೇ ಹರಡುತ್ತದೆ. ಎಣ್ಣೆಯಲ್ಲೇ ಇರುವ ಅತ್ತರು ಪೂರ್ತಿ ಇನ್ನೊಂದು ಜಾತಿ. ಆಲ್ಕೋಹಾಲಿನ ತಳ್ಳು ಇಲ್ಲದ್ದರಿಂದ ದೂರ ಹೋಗುವುದಿಲ್ಲ, ಆದರೆ ಹಚ್ಚಿದ ಜಾಗ ಬಿಟ್ಟು ಕದಲುವುದೂ ಇಲ್ಲ. ಅದನ್ನು ಈ ಶೇಕಡಾ ಏಣಿಯಲ್ಲಿ ಕೂರಿಸಲು ಹೋಗದಿರುವುದೇ ಲೇಸು.

ಪರೀಕ್ಷಿಸುವ ಕ್ರಮ

ಇಡಿಟಿ ಕೊಳ್ಳಲೋ ಇಡಿಪಿಯೋ ಎಂಬ ಪ್ರಶ್ನೆಗೆ ಅಂಗಡಿಯ ಐದು ನಿಮಿಷದಲ್ಲಿ ಉತ್ತರ ಸಿಗುವುದಿಲ್ಲ. ಒಂದು ದಿನ ಕೊಡಿ.

1. ಮೊದಲು ಕಾಗದದ ಪಟ್ಟಿ. ಎರಡು ಪಟ್ಟಿಗಳ ಹಿಂದೆ ಹೆಸರು, ರೂಪ, ಸಮಯ ಬರೆದುಕೊಂಡೇ ಸ್ಪ್ರೇ ಮಾಡಿ. ಬರೆಯದಿದ್ದರೆ ಮೂರನೇ ಪಟ್ಟಿಗೆ ಯಾವುದು ಯಾವುದೆಂದು ಮರೆತಿರುತ್ತೀರಿ. ಆಲ್ಕೋಹಾಲ್ ಆರಲು ಅರ್ಧ ನಿಮಿಷ ಬಿಟ್ಟು ಮೂಸಿ, ಒದ್ದೆ ಪಟ್ಟಿ ಮೂಸಿದರೆ ಆಲ್ಕೋಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಹೊಸ ಬಾಟಲಿಯಾದರೆ ಮೊದಲ ಎರಡು ಮೂರು ಒತ್ತು ಖಾಲಿ ಹೋಗುತ್ತವೆ, ಒಳಗಿನ ನಳಿಕೆ ತುಂಬಿಕೊಳ್ಳಬೇಕಲ್ಲ.

2. ಇಷ್ಟವಾದರೆ ಮೈಮೇಲೆ. ಎಡ ಮುಂಗೈ ಒಳಭಾಗಕ್ಕೆ ಇಡಿಟಿ ಒಂದು ಸ್ಪ್ರೇ, ಬಲಕ್ಕೆ ಇಡಿಪಿ ಒಂದು ಸ್ಪ್ರೇ. 15 ಸೆಂ.ಮೀ. ದೂರದಿಂದ, ಎರಡಕ್ಕೂ ಅದೇ ದೂರ. ಅಂದು ಬೇರೆ ಯಾವ ಸೆಂಟೂ, ವಾಸನೆಯಿರುವ ಲೋಷನ್ನೂ ಬೇಡ. ಕೈಗಳನ್ನು ಒಂದಕ್ಕೊಂದು ಉಜ್ಜಬೇಡಿ. ಉಜ್ಜಿದರೆ ಅಣು ಒಡೆಯುತ್ತದೆ ಎಂಬುದು ಕಟ್ಟುಕಥೆ. ಆದರೆ ಉಜ್ಜಿದ ಬಿಸಿಗೆ ಮೊದಲ ಎಳೆಗಳು ಬೇಗ ಹಾರುತ್ತವೆ, ಎರಡು ಕೈಯ ಪರಿಮಳ ಬೆರೆತು ಹೋಲಿಕೆಯೇ ಕೆಡುತ್ತದೆ.

3. ಹದಿನೈದು ನಿಮಿಷ, ಒಂದು ಗಂಟೆ, ನಾಲ್ಕು ಗಂಟೆ, ಎಂಟು ಗಂಟೆಗೆ ಮೂಸಿ ಒಂದೊಂದು ಸಾಲು ಬರೆಯಿರಿ. ‘ಚೆನ್ನಾಗಿದೆ’ ಎಂದು ಬರೆದರೆ ನಾಳೆ ಏನೂ ನೆನಪಾಗದು. ‘ನಿಂಬೆ ಹೋಯಿತು, ಸೀಸದಕಡ್ಡಿ ಹೆರೆದ ವಾಸನೆ, ಕೈ ಹತ್ತಿರ ತಂದರೆ ಮಾತ್ರ’ ಎಂದು ಬರೆಯಿರಿ. ನಡುವೆ ಪದೇಪದೇ ಮೂಸುತ್ತ ಕೂರಬೇಡಿ.

4. ಎಂಟನೇ ಗಂಟೆಗೆ ಏನೂ ಬರದಿದ್ದರೆ ಬೇರೆಯವರಿಗೆ ಕೇಳಿ.

ಕೊನೆಯ ಹೆಜ್ಜೆ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತದೆ. ಜೊತೆಗೆ, ಕೆಲವು ಕಸ್ತೂರಿ ವಸ್ತುಗಳು ಹುಟ್ಟಿನಿಂದಲೇ ಕೆಲವರ ಮೂಗಿಗೆ ಕಾಣುವುದಿಲ್ಲ. 2006ರಲ್ಲಿ ಬಂದ ‘ಮಾಲಿಕ್ಯೂಲ್ 01’ ಎಂಬ ಸುಗಂಧದಲ್ಲಿ ಪರಿಮಳ ವಸ್ತು ಒಂದೇ, ಐಸೊ ಇ ಸೂಪರ್. ಹಾಕಿಕೊಂಡವರಿಗೆ ಅದು ಇದ್ದಕ್ಕಿದ್ದಂತೆ ಮಾಯವಾಗಿ, ಗಂಟೆ ಬಿಟ್ಟು ಮತ್ತೆ ಬಂದು ಹೋಗುತ್ತದೆ. ಎದುರಿಗಿದ್ದವರಿಗೆ ಬರುತ್ತಲೇ ಇರುತ್ತದೆ. ‘ನನ್ನ ಸೆಂಟು ಉಳಿಯುವುದೇ ಇಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಹೀಗೆ ಮೂಗಿನ ಮೇಲಿನ ದೂರುಗಳೇ. ಮೂಗಿಗೆ ಬಿಡುವು ಕೊಡಲು ಅಂಗಡಿಯಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ. ಅದೂ ಒಂದು ಗಾಢ ವಾಸನೆಯೇ ಅಲ್ಲವೇ? ಸುಮ್ಮನೆ ಹೊರಗೆ ಹೋಗಿ ನಾಲ್ಕು ಉಸಿರು ಎಳೆದುಕೊಂಡರೆ ಸಾಕು.

ಸ್ಯಾಂಪಲ್ ಸೀಸೆಯಲ್ಲಿ ಪರೀಕ್ಷಿಸುವವರು ಒಂದನ್ನು ಗಮನಿಸಬೇಕು. ಕಡ್ಡಿಯಿಂದ ಸವರುವ ಸ್ಯಾಂಪಲ್ ಚರ್ಮದ ಮೇಲೆ ಸಣ್ಣ ಚುಕ್ಕೆಯಾಗಿ ಕೂರುತ್ತದೆ, ಸ್ಪ್ರೇ ಅಗಲವಾಗಿ ಹರಡಿ ಬಿಚ್ಚಿಕೊಳ್ಳುತ್ತದೆ. ಸವರಿದ ಇಡಿಪಿಗೂ ಸ್ಪ್ರೇ ಮಾಡಿದ ಇಡಿಟಿಗೂ ಹೋಲಿಕೆ ಮಾಡಿ ತೀರ್ಪು ಕೊಟ್ಟರೆ ಇಡಿಪಿಗೆ ಅನ್ಯಾಯವಾಗುತ್ತದೆ. 2 ಮಿ.ಲೀ. ಸ್ಪ್ರೇ ಸ್ಯಾಂಪಲ್ಲಿನಲ್ಲಿ ಸುಮಾರು ಇಪ್ಪತ್ತು ಒತ್ತು ಬರುತ್ತವೆ, ನಾಲ್ಕೈದು ದಿನದ ಪರೀಕ್ಷೆಗೆ ಅದು ಧಾರಾಳ.

ಎಷ್ಟು ಸ್ಪ್ರೇ

ಒಂದು ಒತ್ತಿಗೆ ಸುಮಾರು 0.1 ಮಿ.ಲೀ. ಹೊರಬರುತ್ತದೆ. ಪಂಪು ಪಂಪಿಗೂ ವ್ಯತ್ಯಾಸವಿದೆ, ಕೆಲವು ಅದರ ಅರ್ಧವೇ ಉಗುಳುತ್ತವೆ. ನಿಮ್ಮದನ್ನು ಅಳೆಯಬೇಕೆಂದರೆ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು: ಬಾಟಲಿ ತೂಗಿ, ಹತ್ತು ಸಲ ಒತ್ತಿ, ಮತ್ತೆ ತೂಗಿ. ದ್ರವದ ಸಾಂದ್ರತೆ ಮಿ.ಲೀ.ಗೆ ಸುಮಾರು 0.85 ಗ್ರಾಂ. ತೂಕ 0.85 ಗ್ರಾಂ ಇಳಿದಿದ್ದರೆ ಹತ್ತು ಒತ್ತಿಗೆ 1 ಮಿ.ಲೀ., ಅಂದರೆ ಒಂದಕ್ಕೆ 0.1.

ಈ ಅಂಕಿ ಕೈಯಲ್ಲಿದ್ದರೆ ಸ್ಟ್ರೆಂತ್ ಎಂಬ ಮಾತಿನ ಅರ್ಧ ಮಾಯೆ ಬಿಟ್ಟುಹೋಗುತ್ತದೆ. ಶೇ. 10ರ ಇಡಿಟಿಯನ್ನು ನಾಲ್ಕು ಸಲ ಹೊಡೆದರೆ ಮೈಮೇಲೆ ಬಿದ್ದ ಸಾರ ಸುಮಾರು 0.04 ಮಿ.ಲೀ. ಶೇ. 20ರ ಇಡಿಪಿಯನ್ನು ಎರಡು ಸಲ ಹೊಡೆದರೂ ಅಷ್ಟೇ. ಬೆಲೆ ಹೋಲಿಸುವಾಗಲೂ ಇದನ್ನೇ ಹಿಡಿಯಿರಿ. 50 ಮಿ.ಲೀ. ಬಾಟಲಿಯಲ್ಲಿ ಸುಮಾರು 500 ಒತ್ತು. ದಿನಕ್ಕೆ ನಾಲ್ಕಾದರೆ 125 ದಿನ, ಎರಡಾದರೆ 250 ದಿನ. ಇಡಿಪಿಯ ಬೆಲೆ ಇಡಿಟಿಯ ಎರಡು ಪಟ್ಟಿಗಿಂತ ಕಡಿಮೆ ಇದ್ದು, ಅದರ ಪರಿಮಳವೂ ಅಷ್ಟೇ ಇಷ್ಟವಾಗಿ, ಅರ್ಧ ಸ್ಪ್ರೇಗೇ ನಿಮಗೆ ತೃಪ್ತಿಯಾದರೆ ದುಬಾರಿಯದೇ ಅಗ್ಗ. ಇಡಿಪಿಯನ್ನೂ ಹಳೆಯ ಅಭ್ಯಾಸದಂತೆ ನಾಲ್ಕೇ ಹೊಡೆಯುವವರಿಗೆ ಈ ಲೆಕ್ಕ ಕೈಕೊಡುತ್ತದೆ.

ಶುರುವಿಗೆ ಒಂದು ಅಳತೆ ಬೇಕಲ್ಲ: ಕೊಲೋನ್ ಆರರಿಂದ ಎಂಟು, ಇಡಿಟಿ ನಾಲ್ಕು, ಇಡಿಪಿ ಎರಡು ಅಥವಾ ಮೂರು, ಪರ್ಫಂ ಒಂದು ಅಥವಾ ಎರಡು. ಮುಚ್ಚಿದ ಕೋಣೆ, ಬಸ್ಸು, ಲಿಫ್ಟು ಎಂದರೆ ಅದರಲ್ಲೂ ಅರ್ಧ. ಸೆಖೆಯಲ್ಲಿ ಯಾವ ಸುಗಂಧವಾದರೂ ಜೋರಾಗಿ ಎದ್ದು ಬೇಗ ಮುಗಿಯುತ್ತದೆ, ಚಳಿಯಲ್ಲಿ ಮೈಗೆ ಅಂಟಿ ಕೂರುತ್ತದೆ. ಹಾಗಾಗಿ ಚಳಿಗೆ ಎರಡು ಸ್ಪ್ರೇ ಇದ್ದವರಿಗೆ ಸೆಖೆಗೆ ಒಂದು ಸಾಕಾಗಬಹುದು. ಹಾಕಿಕೊಂಡ ಮೇಲೆ ನಿಮಗೇ ವಾಸನೆ ಬರುತ್ತಿಲ್ಲ ಎಂದು ಮಧ್ಯಾಹ್ನ ಮತ್ತೆ ಮೂರು ಹೊಡೆಯುವುದು ಈ ದಾರಿಯ ಅತಿ ಸಾಮಾನ್ಯ ತಪ್ಪು. ಸುತ್ತಲಿನವರು ಕಿಟಕಿ ತೆರೆಯುವುದು ಆಗಲೇ.

ಒಣ ಚರ್ಮದ ಮೇಲೆ ಸುಗಂಧ ಬೇಗ ಆರುತ್ತದೆ. ಗಟ್ಟಿ ರೂಪಕ್ಕೆ ಹಣ ಸುರಿಯುವ ಮುಂಚೆ, ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ ಅದರ ಮೇಲೆ ಇಡಿಟಿ ಹೊಡೆದು ನೋಡಿ. ಎದೆಭಾಗದ ಅಂಗಿಗೆ ಒಂದು ಸ್ಪ್ರೇ ಕೊಟ್ಟರೆ ಬಾಳಿಕೆ ಇನ್ನೂ ಹೆಚ್ಚು, ಬಟ್ಟೆಯಲ್ಲಿ ಚರ್ಮದ ಶಾಖವಿಲ್ಲ. ಆದರೆ ರೇಷ್ಮೆಗೆ, ಬಿಳಿ ಬಟ್ಟೆಗೆ ಬೇಡ. ಪ್ರಮಾಣ ಏರಿದಷ್ಟೂ ದ್ರವದ ಬಣ್ಣ ಗಾಢ, ವೆನಿಲಾ ಕಂಪಿನ ವೆನಿಲಿನ್ ಇದ್ದರೆ ಕಾಲ ಕಳೆದಂತೆ ಇನ್ನೂ ಕಂದು. ಪರ್ಫಂನ ಒಂದು ಸ್ಪ್ರೇ ಬಿಳಿ ಕಾಲರಿನ ಮೇಲೆ ಚಹಾ ಕಲೆಯಂತೆ ನಿಂತುಬಿಡುತ್ತದೆ.

ಚರ್ಮಕ್ಕೂ ಪ್ರಮಾಣಕ್ಕೂ ಸಂಬಂಧವಿದೆ. ಅಲರ್ಜಿ ಎಬ್ಬಿಸುವ ವಸ್ತುಗಳಿರುವುದು ಸಾರದಲ್ಲೇ, ಹಾಗಾಗಿ ಇಡಿಟಿ ಸಹಿಸಿದ ಚರ್ಮ ಪರ್ಫಂಗೆ ಕೆಂಪಾಗಬಹುದು. ಮೊಣಕೈ ಒಳಮಡಿಕೆಗೆ ಒಂದು ಹನಿ ಹಾಕಿ ಎರಡು ದಿನ ನೋಡಿ. ಡಬ್ಬಿಯ ಮೇಲಿನ ಲಿನಲೂಲ್, ಜೆರಾನಿಯಾಲ್, ಕೂಮರಿನ್ ಮುಂತಾದ ಹೆಸರುಗಳು ಇಂಥವರ ಎಚ್ಚರಿಕೆಗೇ ಅಚ್ಚಾಗಿರುವುದು. ಅಲರ್ಜಿ ಇಲ್ಲದವರು ಅವನ್ನು ಕಂಡು ಗಾಬರಿಯಾಗಬೇಕಿಲ್ಲ. ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು. ಒಲೆ, ದೀಪ, ಸಿಗರೇಟಿನ ಹತ್ತಿರ ಸ್ಪ್ರೇ ಮಾಡಬೇಡಿ, ಹೊಡೆದುಕೊಂಡ ಮೇಲೆ ಒಂದು ನಿಮಿಷ ಆರಲು ಬಿಡಿ.

ಮೊದಲ ಬಾಟಲಿ ಯಾವುದು

ನಿಂಬೆ, ಸಮುದ್ರದ ಗಾಳಿ, ಹಸಿ ಸೊಪ್ಪಿನಂಥ ತಾಜಾ ಪರಿಮಳ ಇಷ್ಟವಿದ್ದರೆ ಇಡಿಟಿಯನ್ನೇ ತೆಗೆದುಕೊಳ್ಳಿ, 10 ಮಿ.ಲೀ.ನ ಪುಟ್ಟ ಸ್ಪ್ರೇ ಸೀಸೆಗೆ ಸ್ವಲ್ಪ ಸುರಿದು ಜೊತೆಗಿಟ್ಟುಕೊಂಡು ಮಧ್ಯಾಹ್ನ ಒಂದು ಹೊಡೆಯಿರಿ. ಅಂಥ ಪರಿಮಳದ ‘ಇಂಟೆನ್ಸ್’ ರೂಪ ಹುಡುಕಿದರೆ ಸಿಗುವುದು ಹೆಚ್ಚಾಗಿ ಮರ-ಕಸ್ತೂರಿಯ ಬೇರೊಂದು ಸುಗಂಧ, ನೀವು ಮೆಚ್ಚಿದ ತಾಜಾತನ ಅದರಲ್ಲಿ ಇರುವುದಿಲ್ಲ. ವೆನಿಲಾ, ಗಂಧದ ಮರ, ರಾಳ, ಮಸಾಲೆಯ ಕಡೆ ಒಲವಿದ್ದರೆ ಇಡಿಪಿಗೆ ಹೋಗಿ. ನೇರ ಪರ್ಫಂನಿಂದ ಶುರು ಮಾಡುವುದನ್ನು ನಾವು ಹೇಳುವುದಿಲ್ಲ. ಒಂದು ಸ್ಪ್ರೇ ಕಡಿಮೆಯೋ ಹೆಚ್ಚೋ ಎಂಬ ಅಂದಾಜು ಕೈಗೆ ಕೂತಿರದವರಿಗೆ ಅದರಲ್ಲಿ ತಪ್ಪಿಗೆ ಜಾಗ ಕಡಿಮೆ. 100 ಮಿ.ಲೀ.ಗೆ ರಿಯಾಯಿತಿ ಇದೆ ಎಂದು ಹೊರಲೂ ಬೇಡ. ಮೇಲಿನ ಲೆಕ್ಕದಲ್ಲಿ ಅದು ದಿನಕ್ಕೆ ಎರಡು ಸ್ಪ್ರೇಯ ಇಡಿಪಿ ಬಳಸುವವರಿಗೆ ಐನೂರು ದಿನದ ಸಾಮಾನು, ನಿಮ್ಮ ಅಭಿರುಚಿ ಅಷ್ಟು ದಿನ ನಿಂತಲ್ಲೇ ನಿಂತಿರುವುದಿಲ್ಲ.

ತಂದ ಬಾಟಲಿಯನ್ನು ಡಬ್ಬಿಯಲ್ಲೇ ಇಟ್ಟು ಕತ್ತಲೆಯ ಕಪಾಟಿನಲ್ಲಿಡಿ. ಬಚ್ಚಲಿನ ಶೆಲ್ಫು ಚೆಂದ ಕಂಡರೂ ಅಲ್ಲಿ ದಿನಕ್ಕೆರಡು ಸಲ ಶಾಖ ಏರಿಳಿಯುತ್ತದೆ. ಕಿಟಕಿಯ ಬಿಸಿಲು ಇನ್ನೂ ಕೆಟ್ಟದು. ಬೆಳಕು, ಶಾಖ, ಗಾಳಿ ಮೂರೂ ಮೊದಲು ತಿನ್ನುವುದು ಸಿಟ್ರಸ್ ಎಳೆಗಳನ್ನು. ಹೊಡೆದ ಕೂಡಲೇ ಹುಳಿ ಅಥವಾ ಹಳೆಯ ಬಣ್ಣದ ಡಬ್ಬದಂಥ ವಾಸನೆ ಬಂದು, ಹತ್ತು ನಿಮಿಷದ ಮೇಲೆ ಪರಿಮಳ ಸರಿಯಾದರೆ ಕೆಟ್ಟಿರುವುದು ಮೇಲಿನ ಎಳೆ ಮಾತ್ರ, ಬಾಟಲಿ ಎಸೆಯಬೇಕಿಲ್ಲ. ಅಂಥದ್ದನ್ನು ಹೊರಡುವ ಕಾಲು ಗಂಟೆ ಮೊದಲೇ ಹಾಕಿಕೊಳ್ಳಿ. ಒಂದು ಗಂಟೆಯಾದರೂ ಕಮಟು ಹೋಗದಿದ್ದರೆ ಮಾತ್ರ ಆ ಬಾಟಲಿಯ ಕಾಲ ಮುಗಿದಿದೆ.